ಕಾತ್ರಿಮಾನಿ ತೀರದ ಜ್ವರ, ನಮ್ಮ ಮನೆಯ ಚಿನ್ನ

2024ರ ಅಕ್ಟೋಬರ್ 20, ವಿಶ್ವ ಮಿಷನ್ ಭಾನುವಾರ. ಅಂದು ರೋಮ್ ನಗರದ ಸಂತ ಪೇತ್ರರ ಚೌಕದಲ್ಲಿ ಅರ್ಪಿಸಿದ ಬಲಿಪೂಜೆಯಲ್ಲಿ ಜಗದ್ಗುರು ಫ್ರಾನ್ಸಿಸ್‌ನವರು 14 ಮಂದಿಯನ್ನು ಸಂತರೆಂದು ಘೋಷಿಸಿದರು. ಅವರಲ್ಲೊಬ್ಬರು ಇಟಲಿಯ ತೂರಿನ್ ಪಟ್ಟಣದ ಗುರು ಜುಸೆಪ್ಪೆ ಅಲ್ಲಮಾನೊ. 1901ರಲ್ಲಿ ಕೊನ್ಸೊಲಾತಾ ಮಿಷನರಿ ಗುರುಗಳ ಸಭೆಯನ್ನೂ 1910ರಲ್ಲಿ ಅದೇ ಹೆಸರಿನ ಕನ್ಯಾಸ್ತ್ರೀಯರ ಸಭೆಯನ್ನೂ ಸ್ಥಾಪಿಸಿದವರು ಅವರು. ದೇಹಾರೋಗ್ಯ ಸರಿಯಿಲ್ಲದ ಕಾರಣ ತಾವು ಮಾತ್ರ ಎಂದೂ ದೂರದ ಮಿಷನ್ ನಾಡಿಗೆ ಕಾಲಿಡಲಿಲ್ಲ. 1926ರಲ್ಲಿ ತಮ್ಮ ಊರಿನಲ್ಲಿಯೇ ಕಣ್ಣುಮುಚ್ಚಿದರು.

ಅವರ ಸಂತಪದವಿಗೆ ಆಧಾರವಾದ ಪವಾಡ ನಡೆದದ್ದಾದರೋ ಬ್ರೆಜಿಲ್ ದೇಶದ ಅಮೆಜಾನ್ ಕಾಡಿನಲ್ಲಿ. 1996ರ ಫೆಬ್ರವರಿ 7ರಂದು ಕಾತ್ರಿಮಾನಿ ಎಂಬ ಮಿಷನ್ ಕೇಂದ್ರದ ಬಳಿ, ಯಾನೊಮಾಮಿ ಬುಡಕಟ್ಟಿನ ಒಬ್ಬ ವ್ಯಕ್ತಿಯ ಮೇಲೆ ಜಾಗ್ವಾರ್ ಎಂಬ ದೊಡ್ಡ ಜಾತಿಯ ಚಿರತೆ ಎರಗಿ ಅವನ ತಲೆಬುರುಡೆಯನ್ನು ಸೀಳಿಹಾಕಿತು. ಸಣ್ಣ ವಿಮಾನವೊಂದು ಅವನನ್ನು ಬೋವಾ ವಿಸ್ತಾ ಪಟ್ಟಣದ ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಹಲವು ಗಂಟೆಗಳೇ ಕಳೆದಿದ್ದವು. ಅಂದೇ ಅಲ್ಲಮಾನೊ ಅವರ ನವೇನ ಪ್ರಾರ್ಥನೆ ಆರಂಭವಾಗುವ ದಿನ. ಕನ್ಯಾಸ್ತ್ರೀಯರು ತಮ್ಮ ಸಂಸ್ಥಾಪಕರ ಬಿನ್ನಹವನ್ನು ಬೇಡಿ ಮೊಣಕಾಲೂರಿದರು. ಬದುಕಲಾರನೆಂದು ಎಣಿಸಿದ್ದ ಆ ವ್ಯಕ್ತಿ ಕೆಲವು ತಿಂಗಳುಗಳಲ್ಲಿ ತನ್ನ ಹಳ್ಳಿಗೆ ಮರಳಿ ಎಂದಿನಂತೆ ಬಾಳತೊಡಗಿದನು.

ಈ ಸುದ್ದಿಯನ್ನು ನಮ್ಮ ಕಥೋಲಿಕ ಪತ್ರಿಕೆಗಳಲ್ಲಿ ಅನೇಕರು ಓದಿ ದೇವರನ್ನು ಸ್ತುತಿಸಿರಬಹುದು. ನಾವೂ ಸ್ತುತಿಸಿದೆವು. ಆದರೆ ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆ ನಮ್ಮನ್ನು ಬಿಡದೆ ಕಾಡಿತು. ಆ ವ್ಯಕ್ತಿಯ ಜನರನ್ನು ಸಾವಿರಗಟ್ಟಲೆ ಕೊಂದದ್ದು ಚಿರತೆಯಾಗಲಿ ಹಾವಾಗಲಿ ಅಲ್ಲವಲ್ಲ. ಹಾಗಾದರೆ ಅವರನ್ನು ಕೊಂದದ್ದು ಯಾವುದು? ಅದಕ್ಕೂ ನಮಗೂ ಏನಾದರೂ ಸಂಬಂಧವಿದೆಯೇ? ಈ ವಾರದ ಅಂಕಣದಲ್ಲಿ ಅದನ್ನೇ ಓದುಗರ ಮುಂದಿಡಬಯಸುತ್ತೇವೆ.

ಉಪ್ಪಿನ ರುಚಿ ಅರಿಯದ ಜನ

ಬ್ರೆಜಿಲ್ ಮತ್ತು ವೆನಿಜುವೆಲಾ ದೇಶಗಳ ಗಡಿಯ ಗುಡ್ಡಗಾಡುಗಳಲ್ಲಿ ಹಬ್ಬಿರುವ ಯಾನೊಮಾಮಿಗಳ ಸಂಖ್ಯೆ ಎರಡೂ ದೇಶಗಳನ್ನು ಸೇರಿಸಿ ಸುಮಾರು 40 ಸಾವಿರ. ಬ್ರೆಜಿಲ್‌ನಲ್ಲಿ ಅವರಿಗಾಗಿ ಗುರುತಿಸಲಾದ ನೆಲವೇ ಸುಮಾರು 96 ಸಾವಿರ ಚದರ ಕಿಲೋಮೀಟರ್. ಎಂದರೆ ನಮ್ಮ ಕರ್ನಾಟಕ ರಾಜ್ಯದ ಅರ್ಧದಷ್ಟು. ದೊಡ್ಡದೊಂದು ದುಂಡನೆಯ ಮನೆಯಲ್ಲಿ ಒಂದೇ ಸೂರಿನಡಿ ಹತ್ತಾರು ಕುಟುಂಬಗಳು ವಾಸಿಸುತ್ತವೆ. ಕಾಡನ್ನು ಸ್ವಲ್ಪ ಕಡಿದು ಬಾಳೆ, ಮರಗೆಣಸು ಬೆಳೆಯುವುದು, ನೆಲದ ಸಾರ ಕುಂದಿದಾಗ ತೋಟವನ್ನು ಬೇರೆಡೆಗೆ ಸಾಗಿಸಿ ಹಳೆಯದನ್ನು ಕಾಡಿಗೇ ಬಿಟ್ಟುಕೊಡುವುದು, ಬೇಟೆ, ಮೀನುಗಾರಿಕೆ, ಕಾಡುಹಣ್ಣು, ಜೇನು — ಇದು ಅವರ ಜೀವನಕ್ರಮ. ಅವರ ಭಾಷೆಯಲ್ಲಿ 'ಉರಿಹಿ' ಎಂಬ ಒಂದೇ ಮಾತು ಕಾಡನ್ನೂ ನೆಲವನ್ನೂ ಒಟ್ಟಿಗೆ ಸೂಚಿಸುತ್ತದೆ. ಕಾಡು ಬೇರೆ, ನೆಲ ಬೇರೆ ಎಂಬ ಎಣಿಕೆ ಅವರಲ್ಲಿಲ್ಲ.

ಈ ಜನರ ಆರೋಗ್ಯದ ವಿಷಯದಲ್ಲಿ ಒಂದು ಸಂಗತಿ ವೈದ್ಯಲೋಕವನ್ನೇ ಬೆರಗುಗೊಳಿಸಿತು. ಉಪ್ಪಿಗೂ ರಕ್ತದೊತ್ತಡಕ್ಕೂ ಇರುವ ನಂಟನ್ನು ತಿಳಿಯಲು 32 ದೇಶಗಳ 52 ಕಡೆಗಳಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ ನಡೆಸಿದ 'ಇಂಟರ್‌ಸಾಲ್ಟ್' ಎಂಬ ದೊಡ್ಡ ಅಧ್ಯಯನದ ಫಲಿತಾಂಶ 1988ರಲ್ಲಿ ಪ್ರಕಟವಾಯಿತು. ಅದರಲ್ಲಿ ಎಲ್ಲರಿಗಿಂತ ಕಡಿಮೆ ಉಪ್ಪಿನಂಶ ಕಂಡುಬಂದದ್ದು ಯಾನೊಮಾಮಿಗಳಲ್ಲಿ. ಅಡುಗೆಗೆ ಉಪ್ಪು ಹಾಕುವ ರೂಢಿಯೇ ಅವರಿಗಿರಲಿಲ್ಲ. ಅವರ ಸರಾಸರಿ ರಕ್ತದೊತ್ತಡ 96/61. ನಮ್ಮಲ್ಲಿ ಐವತ್ತು ದಾಟಿದೊಡನೆ ರಕ್ತದೊತ್ತಡದ ಗುಳಿಗೆ ಮನೆಯ ಸಾಮಾನು ಪಟ್ಟಿಯಲ್ಲಿ ಸೇರಿಕೊಳ್ಳುತ್ತದೆ. ಅವರಲ್ಲಿಯಾದರೋ ವಯಸ್ಸಾದಂತೆ ಒತ್ತಡ ಏರುವುದೇ ಕಾಣಲಿಲ್ಲ.

ಹೀಗೆಂದು ಆ ಕಾಡನ್ನು ಏದೆನ್ ತೋಟವೆಂದು ಬಣ್ಣಿಸುವುದು ಸರಿಯಲ್ಲ. ಎಳೆ ಮಕ್ಕಳ ಸಾವು, ಹಾವಿನ ಕಡಿತ, ಹೊಟ್ಟೆಯ ಹುಳು, ಹಳ್ಳಿಹಳ್ಳಿಗಳ ನಡುವಿನ ಕಾದಾಟ ಎಲ್ಲವೂ ಅಲ್ಲಿದ್ದವು. ಆದರೆ ಅವು ಅವರಿಗೆ ತಿಳಿದ ಕಷ್ಟಗಳು. ಅವುಗಳೊಡನೆ ಬಾಳುವ ಬಗೆಯನ್ನು ತಲೆಮಾರುಗಳಿಂದ ಕಲಿತಿದ್ದರು. ಹೊರಗಿನಿಂದ ಬಂದ ಕಾಯಿಲೆಗಳು ಅವರ ದೇಹಕ್ಕೂ ಹೊಸವು, ಮದ್ದಿಗೂ ಹೊಸವು.

ರಸ್ತೆಯೊಡನೆ ಬಂದ ದಡಾರ

ದಡಾರವೆಂದರೆ ನಮ್ಮ ಹಿರಿಯರಿಗೆ ಮಕ್ಕಳ ಕಾಯಿಲೆ. ಬಂದು ಹೋಗುವ ಬೇನೆ. ಶತಮಾನಗಳಿಂದ ಅದು ನಮ್ಮ ನಡುವೆ ಇದ್ದುದರಿಂದ, ಮನೆಯಲ್ಲಿ ಮಗು ಮಲಗಿದರೆ ಒಮ್ಮೆ ಅದನ್ನು ಕಂಡುಂಡ ಅಜ್ಜಿ, ಅಮ್ಮ ಗಂಜಿ ಕಾಯಿಸಿ ಕೊಡಲು ಉಳಿದಿರುತ್ತಾರೆ. ಎಂದೂ ಆ ಕಾಯಿಲೆಯನ್ನು ಕಾಣದ ಜನರಲ್ಲಿ ಹಾಗಲ್ಲ. ಒಂದೇ ಸೂರಿನಡಿಯ ಎಲ್ಲರೂ, ಮಕ್ಕಳಿಂದ ಮುದುಕರವರೆಗೆ, ಒಂದೇ ವಾರದಲ್ಲಿ ಮಲಗುತ್ತಾರೆ. ನೀರು ತರುವವರಿಲ್ಲ, ಬೆಂಕಿ ಹೊತ್ತಿಸುವವರಿಲ್ಲ, ತೋಟಕ್ಕೆ ಹೋಗುವವರಿಲ್ಲ. ಕಾಯಿಲೆಯಿಂದ ಸಾಯದವರು ಹಸಿವು ಬಾಯಾರಿಕೆಗಳಿಂದ ಸಾಯುತ್ತಾರೆ.

ಇಲ್ಲಿ ಮಿಷನರಿಗಳ ಕಡೆಯ ಸತ್ಯವನ್ನೂ ಮರೆಮಾಚಬಾರದು. 1967ರಲ್ಲಿ ತೋಟೊಟೊಬಿ ಎಂಬಲ್ಲಿ ದಡಾರ ಹಬ್ಬಿದ್ದು, ಪಟ್ಟಣಕ್ಕೆ ಹೋಗಿ ಬಂದಿದ್ದ ಒಂದು ಪ್ರೊಟೆಸ್ಟಂಟ್ ಧರ್ಮಪ್ರಚಾರಕ ಕುಟುಂಬದ ಪುಟ್ಟ ಮಗುವಿನಿಂದ. ಆ ಕುಟುಂಬದ ಉದ್ದೇಶ ಕೇಡಿನದಾಗಿರಲಿಲ್ಲ. ಆದರೆ ರೋಗಾಣುವಿಗೆ ಉದ್ದೇಶದ ಗೊಡವೆಯಿಲ್ಲ. ಅಂದು ತೀರಿಕೊಂಡವರಲ್ಲಿ ಒಬ್ಬ ಹುಡುಗನ ತಾಯಿಯೂ ಇದ್ದಳು. ಆ ಹುಡುಗನೇ ಮುಂದೆ ತನ್ನ ಜನರ ದನಿಯಾಗಿ ಲೋಕಪ್ರಸಿದ್ಧನಾದ ದಾವಿ ಕೊಪೆನಾವಾ.

ಬಳಿಕ ಬಂದದ್ದು ಹೆದ್ದಾರಿ. ಬ್ರೆಜಿಲ್‌ನ ಸೈನಿಕ ಸರ್ಕಾರ 1973ರಲ್ಲಿ 'ಪೆರಿಮೆಟ್ರಾಲ್ ನೋರ್ತೆ' ಎಂಬ ರಸ್ತೆಯನ್ನು ಯಾನೊಮಾಮಿ ನೆಲದ ಆಗ್ನೇಯ ಭಾಗದ ಮೂಲಕ ಕಡಿಯಲಾರಂಭಿಸಿತು. ಲಸಿಕೆ ಹಾಕಿಸದೆ, ವೈದ್ಯಕೀಯ ಎಚ್ಚರಿಕೆಯಿಲ್ಲದೆ ನೂರಾರು ಕೆಲಸಗಾರರನ್ನು ಕಾಡಿಗೆ ನುಗ್ಗಿಸಲಾಯಿತು. 1976ರಲ್ಲಿ ಹಣವಿಲ್ಲದೆ ಕೆಲಸ ನಿಂತಿತು. ರಸ್ತೆಯನ್ನು ಕಾಡು ಮತ್ತೆ ನುಂಗಿತು. ಆದರೆ ಅದು ತಂದ ಫ್ಲೂ ಜ್ವರ, ದಡಾರ, ಕ್ಷಯಗಳು ಹಿಂದಿರುಗಲಿಲ್ಲ. 1977-78ರಲ್ಲಿ ಕಾತ್ರಿಮಾನಿ ನದಿಯ ಮೇಲ್ದಂಡೆಯ ನಾಲ್ಕು ಹಳ್ಳಿಗಳಲ್ಲಿ ದಡಾರವು ಜನರಲ್ಲಿ ಅರ್ಧದಷ್ಟು ಮಂದಿಯನ್ನು ಕೊಂಡೊಯ್ದಿತು. ನಮ್ಮ ಒಂದು ಚರ್ಚಿನ ಭಾನುವಾರದ ಪೂಜೆಗೆ ಬರುವವರಲ್ಲಿ ಬಲಬದಿಯ ಬೆಂಚುಗಳಷ್ಟೂ ಒಂದೇ ವರ್ಷದಲ್ಲಿ ಬರಿದಾದಂತೆ ಎಂದು ಊಹಿಸಿಕೊಂಡರೆ ಅದರ ಅಳತೆ ನಮಗೆ ತಿಳಿದೀತು.

ಚಿನ್ನದ ಹೊಗೆ

ಆ ನೆಲದಡಿಯಲ್ಲಿ ಚಿನ್ನವಿದೆಯೆಂಬ ಸುದ್ದಿ ಹಬ್ಬಿದಾಗ ನಡೆದದ್ದು ಇದಕ್ಕಿಂತ ಘೋರ. 1987ರಿಂದ ಮೂರು ವರ್ಷಗಳಲ್ಲಿ ಸುಮಾರು 40 ಸಾವಿರ ಮಂದಿ ಅಕ್ರಮ ಗಣಿಗಾರರು ಆ ಕಾಡಿಗೆ ನುಗ್ಗಿದರು. ಅಂದು ಬ್ರೆಜಿಲ್‌ನ ಭಾಗದಲ್ಲಿದ್ದ ಯಾನೊಮಾಮಿಗಳಿಗಿಂತ ನಾಲ್ಕು ಪಟ್ಟು ಹೆಚ್ಚು ಜನ! ಸಣ್ಣ ವಿಮಾನಗಳಿಗಾಗಿ ಕಾಡಿನ ನಡುವೆ ಕಳ್ಳ ಇಳಿದಾಣಗಳು ಎದ್ದವು. ಆ ಗಣಿಗಾರರಲ್ಲಿ ಬಹುಪಾಲು ಮಂದಿ ಹೊಟ್ಟೆಪಾಡಿಗೆ ಬಂದ ಬಡವರು, ಭೂಮಿಯಿಲ್ಲದವರು. ಅವರೂ ಮಲೇರಿಯದಿಂದ ಸತ್ತರು. ಲಾಭ ಸೇರಿದ್ದು ವಿಮಾನಗಳ, ಯಂತ್ರಗಳ ಒಡೆಯರಿಗೆ.

ಚಿನ್ನ ತೆಗೆಯುವ ಕೆಲಸ ಆರೋಗ್ಯವನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಗಣಿಗಾರರು ಪಂಪುಗಳಿಂದ ನೀರನ್ನು ರಭಸವಾಗಿ ಹಾಯಿಸಿ ನದಿಯ ದಂಡೆಯನ್ನು ಕೊರೆಯುತ್ತಾರೆ. ಮರಗಳು ಉರುಳಿ, ಹೊಳೆಯೆಲ್ಲ ಕೆಸರಾಗುತ್ತದೆ. ಕೊರೆದು ಬಿಟ್ಟ ಗುಂಡಿಗಳಲ್ಲಿ ನೀರು ನಿಂತು ಸೊಳ್ಳೆಗಳು ಹೆಚ್ಚುತ್ತವೆ. ಬೇರೆ ಗಣಿಗಳಿಂದ ಬಂದ ಕೆಲಸಗಾರರ ರಕ್ತದಲ್ಲಿ ಮಲೇರಿಯ ಇರುತ್ತದೆ. ಸೊಳ್ಳೆ ಅದನ್ನು ಹಳ್ಳಿಗೆ ಒಯ್ಯುತ್ತದೆ.

ಇನ್ನು ಪಾದರಸ. ಮರಳಿನಲ್ಲಿ ಬೆರೆತ ಚಿನ್ನದ ಕಣಗಳನ್ನು ಹಿಡಿದಿಡಲು ಅದರೊಳಗೆ ಪಾದರಸ ಸುರಿಯುತ್ತಾರೆ. ಎರಡೂ ಕೂಡಿ ಉಂಡೆಯಾದ ಮೇಲೆ ಬೆಂಕಿಯಲ್ಲಿ ಕಾಯಿಸಿದರೆ ಪಾದರಸ ಹೊಗೆಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಆ ಹೊಗೆ ಮಳೆಯೊಡನೆ ನೆಲಕ್ಕಿಳಿಯುತ್ತದೆ. ಉಳಿದದ್ದು ನೇರವಾಗಿ ಹೊಳೆಗೆ ಸೇರುತ್ತದೆ. ಹೊಳೆಯ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಇನ್ನೂ ಘೋರವಾದ ವಿಷವಾಗಿ ಮಾರ್ಪಡಿಸುತ್ತವೆ. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ದೊಡ್ಡ ಮೀನಿನಿಂದ ಮನುಷ್ಯನಿಗೆ, ಗರ್ಭಿಣಿಯಿಂದ ಹೊಟ್ಟೆಯಲ್ಲಿರುವ ಕೂಸಿಗೆ ಆ ವಿಷ ಏರುತ್ತಾ ಹೋಗಿ ಮಿದುಳನ್ನೂ ನರಗಳನ್ನೂ ಹಾಳುಮಾಡುತ್ತದೆ. ಮೀನಿಲ್ಲದ ಊಟವನ್ನು ಊಟವೆಂದೇ ಎಣಿಸದ ನಮ್ಮ ಕರಾವಳಿಯ ಮನೆಗಳಿಗೆ, ಹೊಳೆಯ ಮೀನು ವಿಷವಾಯಿತೆಂದರೆ ಏನರ್ಥವೆಂದು ಬೇರೆ ಹೇಳಬೇಕಾಗಿಲ್ಲ.

ಯಾನೊಮಾಮಿಗಳ ಹಿರಿಯರು ಇದನ್ನೆಲ್ಲ ತಮ್ಮದೇ ಮಾತಿನಲ್ಲಿ ಹೇಳಿದರು. ಸಾಂಕ್ರಾಮಿಕ ರೋಗಕ್ಕೆ ಅವರು 'ಶವಾರ' ಎನ್ನುತ್ತಾರೆ. ಅದು ಹೊಗೆಯ ರೂಪದಲ್ಲಿ ಬರುತ್ತದೆಂಬುದು ಅವರ ನಂಬಿಕೆ. ನೆಲದಡಿಯಲ್ಲಿ ಹುದುಗಿಸಿಟ್ಟ ಲೋಹವನ್ನು ಅಗೆದು ಸುಟ್ಟರೆ ಆ ಹೊಗೆ ಏಳುತ್ತದೆ, ಅದು ಕಾಡನ್ನೂ ಜನರನ್ನೂ ತಿನ್ನುತ್ತದೆ ಎಂದು ಕೊಪೆನಾವಾ ಲೋಕಕ್ಕೆಲ್ಲ ಸಾರಿದರು. ಪಾದರಸದ ಹೊಗೆಯ ಕಥೆಯನ್ನು ತಿಳಿದ ಮೇಲೆ ಇದನ್ನು ಕಾಡುಜನರ ಮೂಢನಂಬಿಕೆಯೆಂದು ತಳ್ಳಿಹಾಕುವ ಧೈರ್ಯ ನಮಗಾಗುವುದಿಲ್ಲ.

ಆ ವರ್ಷಗಳಲ್ಲಿ ಬ್ರೆಜಿಲ್‌ನ ಯಾನೊಮಾಮಿಗಳಲ್ಲಿ ಏಳರಲ್ಲಿ ಒಬ್ಬರು ಸತ್ತರೆಂದು ಕೆಲವರು, ಐದರಲ್ಲಿ ಒಬ್ಬರು ಸತ್ತರೆಂದು ಇನ್ನು ಕೆಲವರು ಅಂದಾಜು ಮಾಡಿದ್ದಾರೆ. ಹೆಚ್ಚಿನವರು ಸತ್ತದ್ದು ಮಲೇರಿಯ ಮೊದಲಾದ ರೋಗಗಳಿಂದ. ಕೆಲವರು ಗುಂಡಿಗೆ ಬಲಿಯಾದರು. 1993ರಲ್ಲಿ ಹಾಶಿಮು ಎಂಬ ಹಳ್ಳಿಯ 16 ಮಂದಿಯನ್ನು, ಹೆಂಗಸರು ಮಕ್ಕಳೆನ್ನದೆ, ಗಣಿಗಾರರು ಕೊಂದುಹಾಕಿದರು. ಅದನ್ನು ಜನಾಂಗಹತ್ಯೆಯೆಂದು ಬ್ರೆಜಿಲ್‌ನ ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಎತ್ತಿಹಿಡಿಯಿತು.

ಧರ್ಮಸಭೆ ನಡೆದ ದಾರಿ

ಈ ಕಥೆಯಲ್ಲಿ ಧರ್ಮಸಭೆಯ ಪಾತ್ರವೇನು? 1965ರಲ್ಲಿ ಕೊನ್ಸೊಲಾತಾ ಗುರುಗಳು ಕಾತ್ರಿಮಾನಿ ನದಿಯ ದಂಡೆಯಲ್ಲಿ ಮಿಷನ್ ಕೇಂದ್ರವನ್ನು ತೆರೆದರು. ಅದರ ಸಂಸ್ಥಾಪಕರಲ್ಲೊಬ್ಬರಾದ ಗುರು ಜೊವಾನ್ನಿ ಕಲ್ಲೇರಿಯವರು 1968ರಲ್ಲಿ ಮತ್ತೊಂದು ಬುಡಕಟ್ಟಿನ ಬಳಿಗೆ ಹೋದಾಗ ಕೊಲೆಯಾದರು. ಆ ಯಾತ್ರೆಯೂ ಒಂದು ಹೆದ್ದಾರಿಯ ಸಲುವಾಗಿಯೇ ಏರ್ಪಟ್ಟಿತ್ತು. ಕಾತ್ರಿಮಾನಿಯಲ್ಲಿ ಉಳಿದವರು ಬೇರೊಂದು ದಾರಿ ಹಿಡಿದರು. ಜನರ ಭಾಷೆ ಕಲಿತರು, ಲಸಿಕೆ ಹಾಕಿದರು, ರೋಗಿಗಳ ಬಳಿ ಕುಳಿತರು, ಅವರ ನೆಲ ಅವರಿಗೇ ಉಳಿಯಲೆಂದು ಹೋರಾಡಿದರು. ದೀಕ್ಷಾಸ್ನಾನ ಪಡೆದವರ ಲೆಕ್ಕವನ್ನು ಮುಂದಿಟ್ಟುಕೊಂಡು ಅವರು ಕೆಲಸ ಮಾಡಲಿಲ್ಲ. ಇದು ಎಂಥ ಮಿಷನ್ ಎಂದು ಆಕ್ಷೇಪಿಸಿದವರೂ ಉಂಟು. ಸಾಯುತ್ತಿರುವವನಿಗೆ ಮೊದಲು ಬದುಕಲು ನೆರವಾಗಬೇಕು ಎಂಬುದಕ್ಕೆ ಭಲಾ ಸಮಾರಿಯದವನ ಕಥೆಗಿಂತ ಬೇರೆ ಸಮರ್ಥನೆ ಬೇಕಿಲ್ಲವೆಂದು ನಮಗೆ ತೋರುತ್ತದೆ.

ಅದೇ ಕಾತ್ರಿಮಾನಿಯಲ್ಲಿ ಬಹುಕಾಲ ಬಾಳಿದ ಬ್ರದರ್ ಕಾರ್ಲೊ ಝಕ್ಕೀನಿಯವರು, ಛಾಯಾಗ್ರಾಹಕಿ ಕ್ಲೌಡಿಯಾ ಅಂದುಜಾರ್ ಮತ್ತು ಮಾನವಶಾಸ್ತ್ರಜ್ಞ ಬ್ರೂಸ್ ಆಲ್ಬರ್ಟ್ ಅವರೊಡಗೂಡಿ 1978ರಲ್ಲಿ ಯಾನೊಮಾಮಿಗಳ ನೆಲಕ್ಕಾಗಿ ಸಮಿತಿಯೊಂದನ್ನು ಕಟ್ಟಿದರು. ಅಂದುಜಾರ್ ಯೆಹೂದ್ಯ ತಂದೆಯ ಮಗಳು. ಆಕೆಯ ತಂದೆ ಮತ್ತು ಬಂಧುಗಳು ನಾಜಿಗಳ ಶಿಬಿರಗಳಲ್ಲಿ ಮಡಿದಿದ್ದರು. 1980ರ ದಶಕದ ಆರಂಭದಲ್ಲಿ ಲಸಿಕೆ ಹಾಕಲು ವೈದ್ಯರೊಡನೆ ಆಕೆ ಹಳ್ಳಿಹಳ್ಳಿಗೆ ನಡೆದರು. ಹೆಸರನ್ನು ಎಲ್ಲರೆದುರು ಉಚ್ಚರಿಸುವ ವಾಡಿಕೆ ಆ ಜನರಲ್ಲಿಲ್ಲ. ಆದುದರಿಂದ ಯಾರಿಗೆ ಯಾವ ಚುಚ್ಚುಮದ್ದು ಎಂದು ಗುರುತಿಡಲು ಪ್ರತಿಯೊಬ್ಬರ ಕೊರಳಿಗೆ ಒಂದು ಸಂಖ್ಯೆಯ ಬಿಲ್ಲೆ ಕಟ್ಟಿ ಚಿತ್ರ ತೆಗೆದರು. ತನ್ನ ಬಂಧುಗಳಿಗೆ ಗುರುತು ಹಾಕಿದ್ದು ಸಾಯಿಸಲು, ಇವರಿಗೆ ಗುರುತು ಹಾಕುತ್ತಿರುವುದು ಬದುಕಿಸಲು ಎಂಬ ಅರಿವು ಆಕೆಯನ್ನು ಬಿಡಲಿಲ್ಲ. ಸಂಖ್ಯೆ ಧರಿಸಿದ ಆ ಮುಖಗಳು ಇಂದು ಜಗತ್ತಿನ ದೊಡ್ಡ ದೊಡ್ಡ ಪ್ರದರ್ಶನಗಳಲ್ಲಿ ತೂಗುತ್ತವೆ.

ರೊರೈಮಾ ಪ್ರಾಂತ್ಯದ ಧರ್ಮಾಧ್ಯಕ್ಷರಾಗಿ 1975ರಿಂದ 1996ರವರೆಗೆ ಇದ್ದ ಅಲ್ದೊ ಮೊಂಜಾನೊ ಅವರು ಈ ಹೋರಾಟಕ್ಕೆ ಬೆನ್ನೆಲುಬಾಗಿ ನಿಂತು, ತಮ್ಮದೇ ಪಟ್ಟಣದ ಉಳ್ಳವರಿಂದ ಬೆದರಿಕೆಗಳನ್ನು ಎದುರಿಸಿದರು. 1987ರಲ್ಲಿ ಸರ್ಕಾರದ ಬುಡಕಟ್ಟು ಇಲಾಖೆ ಮಿಷನರಿಗಳನ್ನೂ ವೈದ್ಯರನ್ನೂ ಆ ಕಾಡಿನಿಂದ ಹೊರಹಾಕಿತು. ಗಣಿಗಾರರು ಒಳಗೆ, ವೈದ್ಯರು ಹೊರಗೆ! ಆ ತಿಂಗಳುಗಳ ಸಾವುಗಳನ್ನು ಎಣಿಸಲು ಸಾಕ್ಷಿಗಳೂ ಉಳಿಯಲಿಲ್ಲ. 1989ರಲ್ಲಿ ಯಾನೊಮಾಮಿ ನೆಲವನ್ನು 19 ತುಂಡುಗಳಾಗಿ ಒಡೆಯುವ ಯೋಜನೆಯೂ ಬಂತು. ಕೊನೆಗೆ ಲೋಕಾಭಿಪ್ರಾಯದ ಒತ್ತಡಕ್ಕೆ ಮಣಿದು 1992ರ ಮೇ 25ರಂದು ಬ್ರೆಜಿಲ್ ಸರ್ಕಾರ ಅಖಂಡವಾದ ಒಂದೇ ನೆಲವೆಂದು ಅದನ್ನು ಅಧಿಕೃತವಾಗಿ ಅಂಗೀಕರಿಸಿತು.

ಆ ಬಳಿಕ ಒಳ್ಳೆಯ ದಿನಗಳೂ ಬಂದವು. 2000ದ ನಂತರದ ಕೆಲವು ವರ್ಷಗಳಲ್ಲಿ ವೈದ್ಯಕೀಯ ತಂಡಗಳು ಹಳ್ಳಿಗಳಲ್ಲಿಯೇ ಉಳಿದು ಕೆಲಸ ಮಾಡಿದಾಗ, ಯಾನೊಮಾಮಿ ಯುವಕರೇ ಸೂಕ್ಷ್ಮದರ್ಶಕದಲ್ಲಿ ರಕ್ತ ಪರೀಕ್ಷಿಸಲು ಕಲಿತಾಗ, ಮಲೇರಿಯ ಬಹುಮಟ್ಟಿಗೆ ಇಳಿಯಿತು. 2004ರಲ್ಲಿ ಅವರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಹೊರಲೋಕದ ಸಂಪರ್ಕವೆಂದರೆ ಸಾವೇ ಎಂದೇನೂ ವಿಧಿಬರಹವಿಲ್ಲ. ಹೊರಗಿನವನು ಲಸಿಕೆ ಹಿಡಿದು ಬರುತ್ತಾನೋ ಪಾದರಸ ಹಿಡಿದು ಬರುತ್ತಾನೋ, ಕೇಳಿ ಬರುತ್ತಾನೋ ನುಗ್ಗಿ ಬರುತ್ತಾನೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮತ್ತೆ ಅದೇ ಗಾಯ

ಚಿನ್ನದ ಬೆಲೆ ಏರಿದಂತೆ ಗಣಿಗಾರರು ಮರಳಿದರು. 2019ರ ನಂತರದ ವರ್ಷಗಳಲ್ಲಿ, ಸರ್ಕಾರದ ಕಾವಲು ಸಡಿಲವಾದಾಗ, ಅವರ ಸಂಖ್ಯೆ ಸುಮಾರು 20 ಸಾವಿರಕ್ಕೆ ಮುಟ್ಟಿತು. ಯಂತ್ರಗಳ ಸದ್ದಿಗೆ ಬೇಟೆಯ ಪ್ರಾಣಿಗಳು ಓಡಿಹೋದವು. ಹೊಳೆಯ ಮೀನು ಕೆಟ್ಟಿತು. ತಂದೆತಾಯಿಗಳು ಮೇಲಿಂದ ಮೇಲೆ ಮಲೇರಿಯದಿಂದ ಮಲಗಿದ್ದರಿಂದ ತೋಟ ಕಡಿಯುವವರಿಲ್ಲದಾಯಿತು. ಹೀಗೆ ಲೋಕದ ಅತಿ ಸಮೃದ್ಧವಾದ ಕಾಡಿನ ನಡುವೆ ಮಕ್ಕಳು ಹಸಿವಿನಿಂದ ಎಲುಬಿನ ಗೂಡಾದರು.

2020ರ ಕೊರೊನಾ ಕಾಲದ ಒಂದು ಸಂಗತಿ ಯಾವ ತಾಯಿಯ ಕರುಳನ್ನೂ ಹಿಂಡೀತು. ಬೋವಾ ವಿಸ್ತಾದ ಆಸ್ಪತ್ರೆಗೆ ತಂದಿದ್ದ ಯಾನೊಮಾಮಿ ಹಸುಗೂಸುಗಳು ತೀರಿಕೊಂಡಾಗ, ತಾಯಂದಿರಿಗೆ ತಿಳಿಸದೆಯೇ ಅವನ್ನು ಪಟ್ಟಣದ ಸ್ಮಶಾನದಲ್ಲಿ ಹೂಳಲಾಯಿತು. ಸತ್ತವರನ್ನು ದಹಿಸಿ, ಊರೆಲ್ಲ ಕೂಡಿ ಅತ್ತು ಕಳುಹಿಸದೆ ಅವರಿಗೆ ಶಾಂತಿಯಿಲ್ಲ ಎಂಬುದು ಆ ಜನರ ನಂಬಿಕೆ. ಪೋರ್ಚುಗೀಸ್ ಭಾಷೆ ಬಾರದ ಆ ತಾಯಂದಿರು ತಮ್ಮ ಮಗುವಿನ ದೇಹವನ್ನು ಕೊಡಿರೆಂದು ಬೇಡುತ್ತಾ ಉಳಿದರು. ನಮ್ಮ ಸತ್ತವರಿಗಾಗಿ ನವೆಂಬರ್ ತಿಂಗಳಿಡೀ ಪ್ರಾರ್ಥಿಸಿ, ಸಮಾಧಿಗಳಿಗೆ ಹೂವಿಡುವ ನಮಗೆ ಆ ಬೇಡಿಕೆ ಅರ್ಥವಾಗದಿರುವುದೇ?

2023ರ ಜನವರಿಯಲ್ಲಿ ಹೊಸ ಸರ್ಕಾರ ಯಾನೊಮಾಮಿ ನೆಲದಲ್ಲಿ ಆರೋಗ್ಯ ತುರ್ತುಸ್ಥಿತಿಯನ್ನು ಘೋಷಿಸಿತು. ಹಿಂದಿನ ನಾಲ್ಕು ವರ್ಷಗಳಲ್ಲಿ ಐದು ವರ್ಷದೊಳಗಿನ 570 ಮಕ್ಕಳು, ತಡೆಯಬಹುದಾಗಿದ್ದ ಕಾರಣಗಳಿಂದ ಸತ್ತಿದ್ದರೆಂದು ಆಗ ಬೆಳಕಿಗೆ ಬಂತು. ಸೇನೆ, ಪೊಲೀಸರು ಸೇರಿ ಬಹುಪಾಲು ಗಣಿಗಾರರನ್ನು ಹೊರಗಟ್ಟಿದರು. ಆದರೆ ಗಣಿಗಾರ ಹೋದೊಡನೆ ಪಾದರಸ ಹೋಗುವುದಿಲ್ಲ. ಮುಕಜೈ ನದಿಯ ಮೇಲ್ದಂಡೆಯ ಒಂಬತ್ತು ಹಳ್ಳಿಗಳಲ್ಲಿ ಸುಮಾರು 300 ಮಂದಿಯ ಕೂದಲನ್ನು ಬ್ರೆಜಿಲ್‌ನ ಪ್ರಸಿದ್ಧ ಆರೋಗ್ಯ ಸಂಸ್ಥೆಯಾದ ಫಿಯೊಕ್ರೂಸ್ 2022ರಲ್ಲಿ ಸಂಗ್ರಹಿಸಿ ಪರೀಕ್ಷಿಸಿತು. 2024ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬಹುತೇಕ ಎಲ್ಲರ ಮೈಯಲ್ಲೂ, ಎಳೆಯ ಮಕ್ಕಳನ್ನೂ ಬಿಡದೆ, ಪಾದರಸ ಸೇರಿತ್ತು.

ನಮ್ಮ ಕೊರಳಿನ ಲೆಕ್ಕ

ಇಷ್ಟನ್ನು ಓದಿ, "ಪಾಪ, ಎಲ್ಲೋ ದೂರದ ದೇಶದ ಸಂಗತಿ" ಎಂದು ಪತ್ರಿಕೆಯನ್ನು ಮಡಚಿಡಬಹುದು. ನಾವೂ ಹಾಗೆಯೇ ಮಾಡುತ್ತಿದ್ದೆವೋ ಏನೋ. ಆದರೆ 2019ರ ಜೂನ್ ತಿಂಗಳಲ್ಲಿ ಬಿಬಿಸಿಯ ಬ್ರೆಜಿಲ್ ವಿಭಾಗ ಪ್ರಕಟಿಸಿದ ಒಂದು ವರದಿ ಅದಕ್ಕೆ ಅವಕಾಶ ಕೊಡಲಿಲ್ಲ. ಯಾನೊಮಾಮಿ ನೆಲದ ದೊಡ್ಡ ಭಾಗವಿರುವ ರೊರೈಮಾ ರಾಜ್ಯದಲ್ಲಿ ಕಾನೂನುಬದ್ಧವಾಗಿ ನಡೆಯುವ ಚಿನ್ನದ ಗಣಿ ಒಂದೂ ಇರಲಿಲ್ಲ. ಆದರೂ ಆ ರಾಜ್ಯದಿಂದ 194 ಕಿಲೋ ಚಿನ್ನ ರಫ್ತಾಗಿರುವುದು ಸರ್ಕಾರದ ಲೆಕ್ಕಪತ್ರಗಳಲ್ಲಿಯೇ ದಾಖಲಾಗಿತ್ತು. ಅದು ಹೋದ ದೇಶ ಯಾವುದು? ನಮ್ಮ ಭಾರತ!

194 ಕಿಲೋ ಎಂದರೆ ನಮ್ಮ ಮನೆಮಾತಿನ ಲೆಕ್ಕದಲ್ಲಿ 24 ಸಾವಿರಕ್ಕೂ ಹೆಚ್ಚು ಪವನು. ಅದು ಯಾವ ಊರಿನ ಯಾವ ಅಂಗಡಿಯಲ್ಲಿ ಬಳೆಯಾಯಿತು, ಯಾರ ಸರವಾಯಿತು ಎಂದು ಹೇಳಬಲ್ಲವರು ಯಾರೂ ಇಲ್ಲ. ಚಿನ್ನದ ಗುಣವೇ ಅದು. ಒಮ್ಮೆ ಕರಗಿದರೆ ಅದರ ಹುಟ್ಟೂರು ಅಳಿಸಿಹೋಗುತ್ತದೆ. ಒಡವೆಯ ಮೇಲಿನ 916 ಎಂಬ ಹಾಲ್‌ಮಾರ್ಕ್ ಮುದ್ರೆ ಚಿನ್ನ ಎಷ್ಟು ಶುದ್ಧವೆಂದು ಹೇಳುತ್ತದೆ. ಅದು ಬಂದ ದಾರಿ ಶುದ್ಧವೇ ಎಂಬುದನ್ನು ಹೇಳುವುದಿಲ್ಲ. ನಮ್ಮಲ್ಲಿ ಯಾರೊಬ್ಬರನ್ನೂ ದೂರುವ ಉದ್ದೇಶ ನಮಗಿಲ್ಲ. ಆದರೆ ಜಗತ್ತಿನಲ್ಲಿ ಅತಿ ಹೆಚ್ಚು ಚಿನ್ನ ಕೊಳ್ಳುವ ದೇಶಗಳ ಸಾಲಿನಲ್ಲಿ ನಮ್ಮದು ಮುಂದಿದೆಯೆಂಬುದೂ, ನಮ್ಮ ಮದುವೆಗಳೇ ಅದಕ್ಕೆ ಮುಖ್ಯ ಕಾರಣವೆಂಬುದೂ ಎಲ್ಲರಿಗೆ ಗೊತ್ತಿರುವ ವಿಷಯ. ಕೊಳ್ಳುವವರಿರುವುದರಿಂದಲೇ ಅಗೆಯುವವರಿದ್ದಾರೆ.

ಚಿನ್ನ ಬಿಟ್ಟುಹೋಗುವ ಗಾಯ ಎಂಥದೆಂದು ತಿಳಿಯಲು ನಾವು ಅಮೆಜಾನಿಗೇ ಹೋಗಬೇಕಾಗಿಯೂ ಇಲ್ಲ. ನಮ್ಮದೇ ಕೋಲಾರದ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದವು. ನೂರಿಪ್ಪತ್ತು ವರ್ಷಗಳ ಚಿನ್ನವೆಲ್ಲ ಎಲ್ಲೆಲ್ಲಿಗೋ ಹೋಯಿತು. ಅಲ್ಲಿನ ಜನರಿಗೆ ಉಳಿದದ್ದು ಸಯನೈಡ್ ದಿಬ್ಬಗಳಿಂದ ಗಾಳಿಗೆ ಏಳುವ ಧೂಳು, ಮತ್ತು ಕಲ್ಲಿನ ಪುಡಿ ತುಂಬಿಕೊಂಡ ಶ್ವಾಸಕೋಶ.

ನಮ್ಮ ಸಮುದಾಯದ ಮದುವೆಗಳನ್ನು ಒಮ್ಮೆ ನೆನೆಯೋಣ. ರೋಸ್ ಶಾಸ್ತ್ರದಂದು ತೆಂಗಿನ ಹಾಲು ಹಚ್ಚಿ ವಧುವನ್ನು ಹರಸುವ ಹಿರಿಯರು ಕೇಳುವ ಆಶೀರ್ವಾದವೆಂದರೆ ಆರೋಗ್ಯ ಮತ್ತು ಮಕ್ಕಳಭಾಗ್ಯ. ಆ ಎರಡನ್ನೇ ಕಳೆದುಕೊಂಡ ತಾಯಂದಿರ ಹೊಳೆಯಿಂದ ಬಂದಿರಬಹುದಾದ ಲೋಹವನ್ನು ಮರುದಿನ ಅದೇ ವಧುವಿನ ಕೊರಳಿಗೆ ಹೇರುವಾಗ ನಾವು ಒಂದು ಕ್ಷಣವಾದರೂ ಯೋಚಿಸಬೇಡವೇ? ಕರಿಮಣಿಗೆ, ಉಂಗುರಕ್ಕೆ ಬೇಕಾದಷ್ಟು ಚಿನ್ನ ನಮ್ಮ ಅಜ್ಜಿಯಂದಿರ ಪೆಟ್ಟಿಗೆಗಳಲ್ಲಿಯೇ ಇದೆ. ಅದನ್ನು ಕರಗಿಸಿ ಹೊಸದಾಗಿ ಮಾಡಿಸಿದರೆ ಮನೆತನದ ನೆನಪೂ ಉಳಿದೀತು, ಹೊಸ ಗುಂಡಿಯೂ ತೋಡದಿದ್ದೀತು. "ಅವರ ಮನೆಯಲ್ಲಿ ಐವತ್ತು ಪವನು, ನಮ್ಮಲ್ಲಿ ಅರುವತ್ತಾದರೂ ಬೇಡವೇ?" ಎಂಬ ಪೈಪೋಟಿ ಸಾಲದ ಹೊರೆಯಿಂದ ಎಷ್ಟೋ ಕುಟುಂಬಗಳನ್ನು ಮುರಿದಿದೆಯೆಂದು ನಮ್ಮ ಗುರುಗಳು ಪೀಠದಿಂದ ಹೇಳುವುದನ್ನು ಕೇಳುತ್ತಲೇ ಬಂದಿದ್ದೇವೆ. ಅದು ಕಡಲಾಚೆಯ ಕುಟುಂಬಗಳನ್ನೂ ಮುರಿಯುತ್ತಿದೆಯೆಂಬುದನ್ನು ಇನ್ನು ಅದಕ್ಕೆ ಸೇರಿಸಿಕೊಳ್ಳಬೇಕು. ಹೊಸದು ಕೊಳ್ಳಲೇಬೇಕಾದರೆ, ಈ ಚಿನ್ನ ಎಲ್ಲಿಯದೆಂದು ಅಂಗಡಿಯವರನ್ನು ಕೇಳುವ ರೂಢಿ ಬೆಳೆಯಲಿ. ಮೊದಲ ದಿನ ಉತ್ತರ ಸಿಗದು. ನೂರು ಮಂದಿ ಕೇಳಿದರೆ ಅಂಗಡಿಯವರೂ ತಮಗೆ ಮಾರಿದವರನ್ನು ಕೇಳಿಯಾರು.

ಜಗದ್ಗುರು ಫ್ರಾನ್ಸಿಸ್‌ನವರು 2015ರ ತಮ್ಮ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಮೂಲನಿವಾಸಿಗಳ ನೆಲವನ್ನು ಮಾರಾಟದ ಸರಕಾಗಿ ಕಾಣಬಾರದೆಂದು ವಿವರಿಸಿದರು. 2018ರ ಜನವರಿಯಲ್ಲಿ ಪೆರು ದೇಶದ ಪುಯೆರ್ತೊ ಮಾಲ್ದೊನಾದೊ ಪಟ್ಟಣದಲ್ಲಿ ಅಮೆಜಾನಿನ ಜನರನ್ನು ಮುಖತಃ ಕಂಡರು. ಆ ಪ್ರದೇಶವೂ ಚಿನ್ನದ ಗಣಿಗಾರಿಕೆಯಿಂದ ನಲುಗಿದ ನೆಲವೇ. 2019ರ ಅಕ್ಟೋಬರ್‌ನಲ್ಲಿ ಅಮೆಜಾನಿಗಾಗಿಯೇ ಧರ್ಮಾಧ್ಯಕ್ಷರ ಸಿನೊದ್ ಸಭೆಯನ್ನು ರೋಮ್‌ನಲ್ಲಿ ಕರೆದರು. 2024ರ ಏಪ್ರಿಲ್ 10ರಂದು ದಾವಿ ಕೊಪೆನಾವಾ ವ್ಯಾಟಿಕನ್‌ಗೆ ಬಂದಾಗ ಅವರನ್ನು ಬರಮಾಡಿಕೊಂಡು ಮಾತನಾಡಿದರು. 2025ರ ಏಪ್ರಿಲ್ 21ರಂದು ಆ ಜಗದ್ಗುರುಗಳು ನಮ್ಮನ್ನಗಲಿದರು. ಅವರು ಎತ್ತಿದ ಪ್ರಶ್ನೆ ನಮ್ಮೆಲ್ಲರ ಪಾಲಿಗೆ ಉಳಿದಿದೆ.

ಫೆಬ್ರವರಿ 16 ಸಂತ ಅಲ್ಲಮಾನೊ ಅವರ ಹಬ್ಬ. ಅಂದು ಸಂಜೆ ಜಪಸರ ಮುಗಿದ ಮೇಲೆ ಮಕ್ಕಳಿಗೆ ಚಿರತೆಯ ಬಾಯಿಂದ ಉಳಿದ ಆ ಯಾನೊಮಾಮಿಯ ಕಥೆಯನ್ನು ಹೇಳಿರಿ. ಮಕ್ಕಳಿಗೆ ಅದು ಖಂಡಿತ ಹಿಡಿಸುತ್ತದೆ. ಕಥೆಯ ಉಳಿದ ಭಾಗವನ್ನೂ ಮುಚ್ಚಿಡದೆ ಹೇಳಿರಿ. ಮುಂದಿನ ಮದುವೆಗೆ ಚಿನ್ನದ ಮಾತು ಬಂದಾಗ, ಮನೆಯ ಮಗಳೇ "ಇಷ್ಟು ಸಾಕಮ್ಮ" ಎಂದಾಳು. ಅಂದು ಆ ಮಾತನ್ನು ಆಲಿಸುವ ಮನಸ್ಸನ್ನು ದೇವರು ನಮ್ಮ ಹಿರಿಯರಿಗೆ ಕೊಡಲಿ.